ಅಂಗಡಿಯ ಬಿಸಿ ಮತ್ತು ಒಂದು ಊದಿನಕಡ್ಡಿ

ಜೆರಾಕ್ಸ್ ಮಷಿನ್ ಕೆಟ್ಟಿದೆ ಅಂತ ಫೋನ್ ಮಾಡಿ ಸರ್ವೀಸ್ ಹುಡುಗನನ್ನು ಕರೆಸಿದ್ದೆ. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಕೈಯಲ್ಲಿ ಆಧಾರ್ ಕಾರ್ಡು, ಪಹಣಿ ಹಿಡಿದುಕೊಂಡು ಏಳೆಂಟು ಜನ ಕಾಯುತ್ತಿದ್ದರು. ಹುಡುಗ ಬಂದವನು ಮಷಿನ್ ಬಿಚ್ಚಲೇ ಇಲ್ಲ. ಗೋಡೆಗೂ ಮಷಿನ್‌ಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಇತ್ತು, ಅಲ್ಲಿ ಕೈ ತೂರಿಸಿದ. ತೂರಿಸಿದಷ್ಟೇ ಬೇಗ ಹೊರಗೆ ತೆಗೆದ.

"ಮಷಿನ್ ಚಲೋ ಐತಣ್ಣ. ತಾನು ಬಿಟ್ಟ ಬಿಸಿ ಗಾಳೀನ ಮತ್ತ ತಾನೇ ಕುಡಿಯಾಕತ್ತೈತಿ" ಅಂದ.

ಸ್ವಿಚ್ ಆಫ್ ಮಾಡಿ, ಮಷಿನ್‌ ಅನ್ನು ಒಂದು ಅಡಿ ಮುಂದಕ್ಕೆ ಎಳೆದು, ಅರ್ಧ ಗಂಟೆ ಮುಟ್ಟಬೇಡಿ ಅಂತ ಹೇಳಿದ. ಚಾ ಕುಡಿದು, ವಿಸಿಟಿಂಗ್ ಚಾರ್ಜು ತಗೊಂಡು ಹೋದ. ಅರ್ಧ ಗಂಟೆ ಆದಮೇಲೆ ಮಷಿನ್ ಏನೂ ಆಗಿಲ್ಲ ಎನ್ನುವ ಹಾಗೆ ಓಡಲು ಶುರು ಮಾಡಿತು. ದುಡ್ಡು ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಏಳು ವರ್ಷ ಅದೇ ರೂಮಿನಲ್ಲಿ ಬೆವರುತ್ತಾ ಕೂತರೂ ನನಗೆ ಇದು ಹೊಳೆಯಲಿಲ್ಲವಲ್ಲ, ಅದು ಬೇಜಾರು.

ಯಾಕೆ ಹೊಳೆಯಲಿಲ್ಲ ಅಂದರೆ, ನಾವು ಬಳ್ಳಾರಿಯವರು. ನಮಗೆ ಬಿಸಿಲಿನ ಬಗ್ಗೆ ಒಂಥರಾ ಜಂಬ. ಹೊರಗಿನವರು ಬಂದರೆ "ನಮ್ಮೂರಾಗ ಎರಡೇ ಕಾಲ, ಬ್ಯಾಸಗಿ ಮತ್ತ ಕಡು ಬ್ಯಾಸಗಿ" ಅಂತ ನಗುತ್ತೇವೆ. ಊರಿನ ನಡುವೆಯೇ ಬಂಡೆಯ ಗುಡ್ಡಗಳು. ಹಗಲೆಲ್ಲ ಕಾದ ಕಲ್ಲು ರಾತ್ರಿ ಹತ್ತಾದರೂ ಆರುವುದಿಲ್ಲ. ಹೀಗಾಗಿ ಎಲ್ಲಾ ಬಿಸಿಯನ್ನೂ ಸೂರ್ಯನ ಖಾತೆಗೆ ಬರೆದುಬಿಡುವುದು ನಮಗೆ ಅಭ್ಯಾಸ. ಅಂಗಡಿ ಒಳಗೆ ಕುದಿಯುತ್ತಿದ್ದರೆ "ಹೊರಗ ನೋಡ್ರಿ ಎಂಥಾ ಬಿಸಲೈತಿ" ಅಂದರೆ ಮುಗಿಯಿತು. ಆದರೆ ಡಿಸೆಂಬರ್‌ನಲ್ಲೂ ಹನ್ನೊಂದು ಗಂಟೆಗೆಲ್ಲಾ ನನ್ನ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಹೊರಗೆ ಬಂದರೆ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು. ಆಗಲಾದರೂ ಅನುಮಾನ ಬರಬೇಕಿತ್ತು, ಅಲ್ವಾ?

ರೂಮು ಹತ್ತಡಿ ಅಗಲ, ಹದಿನಾಲ್ಕು ಅಡಿ ಉದ್ದ, ಹತ್ತಡಿ ಎತ್ತರ. ಪಶ್ಚಿಮಕ್ಕೆ ರಸ್ತೆ, ಶಟರ್, ಒಳಗೊಂದು ಗಾಜಿನ ಬಾಗಿಲು. ಉಳಿದ ಮೂರು ಕಡೆ ಬರೀ ಗೋಡೆ. ನಮ್ಮ ಕಡೆ ಬಾಡಿಗೆ ಮಳಿಗೆಗಳನ್ನು ಹೀಗೇ ಕಟ್ಟುತ್ತಾರೆ, ದೊಡ್ಡ ಬೆಂಕಿಪೆಟ್ಟಿಗೆಯ ಹಾಗೆ. ಕಿರಾಣಿ ಅಂಗಡಿಗೆ ನಡೆಯುತ್ತದೆ. ಅಕ್ಕಿ ಬೇಳೆ ಬಿಸಿ ಬಿಡುವುದಿಲ್ಲವಲ್ಲ. ಅದೇ ಮಳಿಗೆಯಲ್ಲಿ ನಾನು ಒಂದು ದೊಡ್ಡ ಜೆರಾಕ್ಸ್ ಮಷಿನ್, ಎರಡು ಕಂಪ್ಯೂಟರ್, ಎರಡು ಪ್ರಿಂಟರ್, ಲ್ಯಾಮಿನೇಷನ್ ಮಷಿನ್, ಇನ್ವರ್ಟರ್, ಅದರ ಬ್ಯಾಟರಿ ಎಲ್ಲವನ್ನೂ ತುಂಬಿದ್ದೆ.

ಆ ಸಂಜೆ ಹಳೆಯ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಪಿಯುಸಿಯಲ್ಲಿ ಓದಿ ಮರೆತ ಒಂದು ಮಾತು ಅವತ್ತು ಉಪಯೋಗಕ್ಕೆ ಬಂತು. ಮಷಿನ್ ಎಷ್ಟು ಕರೆಂಟು ತಿನ್ನುತ್ತದೋ ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಬಿಸಿಯಾಗುತ್ತದೆ. ಕಂಪ್ಯೂಟರ್ ಕರೆಂಟು ತಿಂದು ಅಕ್ಷರ ಮಾಡುತ್ತದೆ ಅಂದುಕೊಂಡಿರುತ್ತೇವೆ. ಅಕ್ಷರಕ್ಕೆ ಹೋಗುವುದು ಏನೂ ಇಲ್ಲ. ಪ್ಲಗ್ಗಿನಲ್ಲಿ ಒಳಗೆ ಬಂದದ್ದೆಲ್ಲ ಬಿಸಿಯಾಗಿ ರೂಮಿನಲ್ಲೇ ಉಳಿಯುತ್ತದೆ. ಟ್ಯೂಬ್‌ಲೈಟಿಗೂ ಇದೇ ಕಥೆ, ಫ್ಯಾನಿಗೂ ಇದೇ. ಹಳೆಯ ಸೀಲಿಂಗ್ ಫ್ಯಾನು ತಾನೇ ಎಪ್ಪತ್ತೈದು ವ್ಯಾಟ್ ಬಿಸಿ ಸೇರಿಸುತ್ತದೆ ಅಂತ ಗೊತ್ತಾದಾಗ ಅದನ್ನು ಒಂದು ನಿಮಿಷ ಸುಮ್ನೆ ನೋಡುತ್ತಾ ಕೂತಿದ್ದೆ.

ಜೆರಾಕ್ಸ್ ಮಷಿನ್‌ನ ಒಳಗೆ ಫ್ಯೂಸರ್ ಅಂತ ಒಂದು ಬಿಸಿ ರೋಲರ್ ಇರುತ್ತದೆ. ಕಾಗದದ ಮೇಲೆ ಕೂತ ಟೋನರ್ ಪುಡಿಯನ್ನು ಕರಗಿಸಿ ಅಂಟಿಸುವುದು ಅದರ ಕೆಲಸ. ಸುಮಾರು 180ರಿಂದ 200 ಡಿಗ್ರಿ ಬಿಸಿ. ಆಗ ತಾನೇ ಹೊರಬಂದ ಹಾಳೆ ಕೈಗೆ ಬೆಚ್ಚಗಿರುತ್ತದಲ್ಲ, ಅದು ಇದರಿಂದಲೇ. ಮಷಿನ್‌ನ ಮೇಲಿನ ಚೀಟಿಯಲ್ಲಿ 1,500 ವ್ಯಾಟ್ ಅಂತ ಇದ್ದರೂ ಯಾವಾಗಲೂ ಅಷ್ಟು ಎಳೆಯುವುದಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರ್ ತಂದು ನೋಡಿದೆ. ಗಿರಾಕಿ ಜಾಸ್ತಿ ಇರುವ ಹೊತ್ತಿನಲ್ಲಿ ಸರಾಸರಿ ಏಳು ನೂರು ವ್ಯಾಟ್ ಬಂತು. ಎರಡು ಕಂಪ್ಯೂಟರ್ ಸೇರಿ ಮುನ್ನೂರು. ಪ್ರಿಂಟರ್‌ಗಳು ನೂರೈವತ್ತು. ಇನ್ವರ್ಟರ್, ಲೈಟು, ಫ್ಯಾನು, ಕ್ಯಾಮೆರಾ ಡಬ್ಬ ಎಲ್ಲಾ ಸೇರಿ ಇನ್ನೂರೈವತ್ತು ಇನ್ನೂರೆಂಬತ್ತು. ಆಮೇಲೆ ಮನುಷ್ಯರು. ಸುಮ್ನೆ ಕೂತ ಒಬ್ಬ ಮನುಷ್ಯನೂ ಸುಮಾರು ನೂರು ವ್ಯಾಟ್ ಬಿಸಿ ಬಿಡುತ್ತಾನೆ. ನಾಲ್ಕು ಜನ ಇದ್ದರೆ ನಾನೂರು. ಎಲ್ಲಾ ಕೂಡಿಸಿದರೆ 1,800 ವ್ಯಾಟ್ ದಾಟಿತು. ಶಿಮ್ಲಾದ ಹೋಟೆಲಿನಲ್ಲಿ ಚಳಿಗೆ ಹಚ್ಚುವ ರೂಮ್ ಹೀಟರ್ ಇರುತ್ತದಲ್ಲ, ಹೆಚ್ಚುಕಡಿಮೆ ಅಷ್ಟು. ನಾನು ಬಳ್ಳಾರಿಯಲ್ಲಿ, ಏಪ್ರಿಲ್‌ನಲ್ಲಿ, ಬಾಗಿಲು ಮುಚ್ಚಿದ ರೂಮಿನಲ್ಲಿ ಹೀಟರ್ ಹಚ್ಚಿಕೊಂಡು ಕೂತಿದ್ದೆ.

ಈ ಕರೆಂಟಿನ ದಾರಿ ನೆನೆದರೆ ಇನ್ನೂ ನಗು ಬರುತ್ತದೆ. ಇತ್ತ ಕುಡಿತಿನಿಯಲ್ಲಿ 1,700 ಮೆಗಾವ್ಯಾಟಿನ ಸ್ಥಾವರ, ಅತ್ತ ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನದು. ಎರಡೂ ಕಡೆ ಕಲ್ಲಿದ್ದಲು ಸುಡುತ್ತಾರೆ. ಸುಟ್ಟ ಬಿಸಿಯಲ್ಲಿ ಕರೆಂಟಾಗುವುದು ಮೂರನೇ ಒಂದು ಪಾಲಿನ ಆಸುಪಾಸು. ಉಳಿದದ್ದನ್ನು ಹೊರಗೆ ಹಾಕಲಿಕ್ಕೆ ಅಷ್ಟೆತ್ತರದ ಕೂಲಿಂಗ್ ಟವರ್ ಕಟ್ಟಿದ್ದಾರೆ. ಕರೆಂಟಾದ ಆ ಒಂದು ಪಾಲು ತಂತಿ ಹಿಡಿದು ನನ್ನ ಅಂಗಡಿಗೆ ಬಂದು ಮತ್ತೆ ಬಿಸಿಯಾಗುತ್ತದೆ. ಅವರಿಗೆ ಟವರ್ ಇದೆ. ನನಗೆ ಏನಿತ್ತು?

ನನಗೂ ಒಂದು ಎಕ್ಸಾಸ್ಟ್ ಫ್ಯಾನು ಇತ್ತು. ಒಂಬತ್ತು ಇಂಚಿನದು, ಬಾಗಿಲಿನ ಮೇಲೆ. ಅಂಗಡಿ ಹಾಕಿದಾಗ ಎಲೆಕ್ಟ್ರಿಷಿಯನ್ ಕೂರಿಸಿದ್ದ. ದಿನವಿಡೀ ಗರಗರ ತಿರುಗುತ್ತಿತ್ತು. ತಿರುಗುತ್ತದೆ ಅಂದಮೇಲೆ ಕೆಲಸ ಮಾಡುತ್ತಿದೆ ಅಂತ ನಾನು ನಂಬಿದ್ದೆ.

ಅದು ಸುಳ್ಳು ಅಂತ ತೋರಿಸಿದ್ದು ಊದಿನಕಡ್ಡಿ. ಬೆಳಿಗ್ಗೆ ಲಕ್ಷ್ಮಿ ಫೋಟೋಗೆ ಬೆಳಗಿ, ಅದೇ ಕಡ್ಡಿಯನ್ನು ಮಷಿನ್‌ಗೂ ಗಲ್ಲಾಕ್ಕೂ ತೋರಿಸುವುದು ನಮ್ಮ ವಾಡಿಕೆ. ಅವತ್ತು ಗಾಜಿನ ಬಾಗಿಲು ಮುಚ್ಚಿತ್ತು, ಎಕ್ಸಾಸ್ಟ್ ಹಚ್ಚಿತ್ತು. ಮಷಿನ್ ಇರುವ ಮೂಲೆಯಲ್ಲಿ ಕಡ್ಡಿ ಹಿಡಿದರೆ ಹೊಗೆ ನೆಟ್ಟಗೆ ಮೇಲೇರಿ, ಸೀಲಿಂಗಿಗೆ ತಾಗಿ, ಅಲ್ಲೇ ಮೋಡದ ಹಾಗೆ ನಿಂತಿತು. ಎಕ್ಸಾಸ್ಟ್ ಕಡೆಗೆ ಒಂದೆಳೆಯೂ ಹೋಗಲಿಲ್ಲ. ಕುತೂಹಲಕ್ಕೆ ಕಡ್ಡಿಯನ್ನು ಬಾಗಿಲಿನ ಮೇಲಿನ ಸಂದಿಯ ಹತ್ತಿರ ತಂದೆ. ಹೊಗೆ ಅಲ್ಲಿಂದ ಸರ್ರನೆ ಮೇಲಕ್ಕೆ ಜಿಗಿದು ಫ್ಯಾನಿನ ಬಾಯಿಗೆ ಹೋಯಿತು. ಅಂದರೆ ರಸ್ತೆಯ ಗಾಳಿ ಬಾಗಿಲಿನ ಸಂದಿಯಿಂದ ಒಳಗೆ ಇಣುಕಿ, ಒಂದೂವರೆ ಅಡಿ ಪ್ರಯಾಣ ಮಾಡಿ, ಅದೇ ಎಕ್ಸಾಸ್ಟಿನಿಂದ ವಾಪಸ್ ರಸ್ತೆಗೆ. ಏಳು ವರ್ಷ ನಾನು ಕರೆಂಟು ಬಿಲ್ ಕಟ್ಟಿ ರಸ್ತೆಯ ಗಾಳಿಯನ್ನು ರಸ್ತೆಗೇ ದಬ್ಬಿದ್ದೆ.

ಇದರಲ್ಲಿ ನನಗೆ ಎರಡು ವಿಷಯ ತಿಳಿಯಿತು. ಗಾಳಿ ಸೋಮಾರಿ. ಒಳಗೆ ಬರುವ ತೂತು, ಹೊರಗೆ ಹೋಗುವ ತೂತು ಹತ್ತಿರ ಹತ್ತಿರ ಇದ್ದರೆ ಅದು ರೂಮು ಸುತ್ತುವುದಿಲ್ಲ, ಅಡ್ಡದಾರಿ ಹಿಡಿಯುತ್ತದೆ. ಎರಡನೆಯದು, ಬರುವ ದಾರಿ ಇಲ್ಲದೆ ಹೋಗುವ ದಾರಿ ಎಷ್ಟು ದೊಡ್ಡದಿದ್ದರೂ ಅಷ್ಟೇ. ಇದಕ್ಕೂ ಮುಂಚೆ ನಾನು ಎಕ್ಸಾಸ್ಟ್ ಸಾಲದು ಅಂತ ಹನ್ನೆರಡು ಇಂಚಿನದು ತರಲು ಅಂಗಡಿಗೆ ಹೋಗಿ ಬೆಲೆ ಕೇಳಿ ಬಂದಿದ್ದೆ. ಅದನ್ನು ತಂದು ಅದೇ ಜಾಗಕ್ಕೆ ಹಾಕಿದ್ದರೆ ಇನ್ನೂ ಜೋರಾಗಿ ಅದೇ ತಪ್ಪು ಆಗುತ್ತಿತ್ತು.

ಎಷ್ಟು ಗಾಳಿ ಬೇಕು ಅನ್ನುವುದಕ್ಕೆ ಒಂದು ಸುಲಭ ಲೆಕ್ಕ ಇದೆ. ಒಟ್ಟು ವ್ಯಾಟನ್ನು ಮೂರರಿಂದ ಗುಣಿಸಿ, ಹೊರಗಿನದಕ್ಕಿಂತ ಒಳಗೆ ಎಷ್ಟು ಡಿಗ್ರಿ ಜಾಸ್ತಿ ಇದ್ದರೆ ತಡೆಯಬಲ್ಲೆವೋ ಅದರಿಂದ ಭಾಗಿಸಿದರೆ, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಸಾಗಬೇಕು ಅಂತ ಬರುತ್ತದೆ. ನನ್ನದು 1,800 ವ್ಯಾಟ್. ಐದು ಡಿಗ್ರಿ ಜಾಸ್ತಿ ಇರಲಿ ಅಂದುಕೊಂಡೆ. 1,080 ಘನ ಮೀಟರ್ ಬಂತು. ನನ್ನ ಇಡೀ ರೂಮಿನ ಗಾಳಿಯೇ ನಲವತ್ತು ಘನ ಮೀಟರ್. ಅಂದರೆ ಎರಡೂಕಾಲು ನಿಮಿಷಕ್ಕೊಮ್ಮೆ ರೂಮಿನ ಗಾಳಿಯೆಲ್ಲಾ ಬದಲಾಗಬೇಕು. ಮೂರೇ ಡಿಗ್ರಿ ಸಾಕು ಅಂತ ಆಸೆಪಟ್ಟರೆ 1,800 ಘನ ಮೀಟರ್ ಬೇಕು. ಆಸೆಗೆ ತಕ್ಕ ಹಾಗೆ ಫ್ಯಾನು, ಸದ್ದು, ಧೂಳು ಎಲ್ಲಾ ಜಾಸ್ತಿಯಾಗುತ್ತದೆ. ನಾನು ಐದಕ್ಕೇ ನಿಂತೆ. ಗಂಟೆಗೆ 1,400 ಘನ ಮೀಟರ್ ಅಂತ ಡಬ್ಬದ ಮೇಲೆ ಬರೆದಿದ್ದ ಹನ್ನೆರಡು ಇಂಚಿನ ಫ್ಯಾನು ತಂದೆ. ಆ ಅಂಕಿ ಬಯಲಲ್ಲಿ ತಿರುಗಿದಾಗಿನದು. ಜಾಲರಿ, ಮುಚ್ಚಳ ಎಲ್ಲಾ ಹಾಕಿದ ಮೇಲೆ ಅಷ್ಟು ಬರುವುದಿಲ್ಲ. ಅದಕ್ಕೇ ಸ್ವಲ್ಪ ಜಾಸ್ತಿಯದೇ ತಂದದ್ದು.

ಇನ್ನು ತೂತು ಎಲ್ಲಿ? ಇದಕ್ಕೆ ಗೋಡೆ ಒಡೆಯಬೇಕು. ಗೋಡೆ ಮಾಲೀಕರದು. ಬಾಡಿಗೆ ಕೊಡಲು ಹೋದಾಗ ಮೆಲ್ಲಗೆ ವಿಷಯ ತೆಗೆದೆ. "ಗೋಡೆಗೆ ಕೈ ಹಚ್ಚಬ್ಯಾಡ್ರಿ" ಅಂದರು. ಎಲ್ಲಿ ಅಂತಲಾದರೂ ಕೇಳಿ ಅಂತ ಹೇಳಿದೆ. ಹಿಂದುಗಡೆ ಪೂರ್ವದ ಗೋಡೆಯಲ್ಲಿ, ಉತ್ತರದ ಮೂಲೆಗೆ, ನೆಲದಿಂದ ಒಂದಡಿ ಮೇಲೆ ಗಾಳಿ ಒಳಗೆ ಬರಲು ಒಂದು ಕಿಂಡಿ. ಮಷಿನ್ ಇರುವ ತೆಂಕು ಮೂಡಲ ಮೂಲೆಯಲ್ಲಿ, ದಕ್ಷಿಣದ ಗೋಡೆಯ ಮೇಲ್ಗಡೆ ಎಕ್ಸಾಸ್ಟ್. ಹಿಂದಿನ ಸಂದಿಗೆ ಮಧ್ಯಾಹ್ನ ಪೂರ್ತಿ ನೆರಳು, ಅಲ್ಲಿಯ ಗಾಳಿ ರಸ್ತೆಯ ಡಾಂಬರು ಗಾಳಿಗಿಂತ ತಂಪು, ಅದಕ್ಕೇ ಆ ಜಾಗ. ಇಷ್ಟನ್ನೂ ವಿವರಿಸಲು ಬಾಯಿ ತೆರೆದೆ. ಅವರು ಕಣ್ಣು ಮುಚ್ಚಿ ಬೆರಳು ಮಡಚುತ್ತಾ ದಿಕ್ಕು ನೋಡಿದರು. "ಈಶಾನ್ಯ ತೆರೀತೀರಿ. ಬೆಂಕಿ ಮಷಿನ್ ಆಗ್ನೇಯದಾಗ ಐತಿ. ಭಾಳ ಚಲೋ ಆತು, ಮಾಡ್ರಿ" ಅಂದುಬಿಟ್ಟರು! ವಾಸ್ತು ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಅದೇ ಮೊದಲು, ಅದೇ ಕೊನೆ.

ಗೋಡೆ ಒಡೆಯಲು ಬಂದ ಮೇಸ್ತ್ರಿಗೆ ಕಿಂಡಿ ಕೆಳಗೆ, ಫ್ಯಾನು ಮೇಲೆ ಯಾಕೆ ಅಂತ ಹೇಳುವ ಅಗತ್ಯವೇ ಬೀಳಲಿಲ್ಲ. ಸಿರುಗುಪ್ಪದ ಕಡೆಯವರು. ಅವರ ಹಳ್ಳಿಯ ಮಾಳಿಗೆ ಮನೆಯಲ್ಲಿ ಅಡುಗೆ ಒಲೆಯ ನೆತ್ತಿಗೇ ಗವಾಕ್ಷಿ ಇತ್ತಂತೆ. ಮಳೆ ಬಂದರೆ ಮೇಲೆ ಹತ್ತಿ ಕಲ್ಲು ಮುಚ್ಚುವುದು ಚಿಕ್ಕ ಹುಡುಗರ ಕೆಲಸ. "ಒಲಿ ಎಲ್ಲೈತೋ ಅಲ್ಲೇ ಮ್ಯಾಲ ತೂತು ಇಡ್ತಿದ್ರು ಸಾರ್. ಬಾಗಲ ಮ್ಯಾಲ ಯಾರಾದ್ರೂ ಇಡ್ತಾರೇನು?" ಅಂತ ನನ್ನ ಹಳೆಯ ಎಕ್ಸಾಸ್ಟ್ ನೋಡಿ ಕೇಳಿದರು. ನಾನು ಚಾ ತರಿಸಲು ಹೊರಗೆ ಹೋದೆ.

ಕಿಂಡಿ ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಇಷ್ಟು ದೊಡ್ಡದು ಯಾಕೆ ಅಂದರೆ, ಕಿಂಡಿ ಚಿಕ್ಕದಾದರೆ ಗಾಳಿ ಸೀಟಿ ಹೊಡೆಯುತ್ತಾ ನುಗ್ಗುತ್ತದೆ, ಫ್ಯಾನು ತಿಣುಕುತ್ತದೆ. ಕಬ್ಬಿಣದ ಸರಳು, ಸೊಳ್ಳೆ ಜಾಲರಿ, ಅದರ ಹಿಂದೆ ಒಂದು ಧೂಳಿನ ಫಿಲ್ಟರ್. ನಮ್ಮ ಊರಿನ ಧೂಳಿನ ಬಗ್ಗೆ ಹೇಳಬೇಕಿಲ್ಲ. ಸಂಡೂರಿನ ಗುಡ್ಡದ ಕೆಂಪು, ಅದಿರು ಲಾರಿಯ ಹಿಂದೆ ಬಂದ ಕೆಂಪು, ಕರಿ ಎರೆ ಹೊಲದ ಕಪ್ಪು, ಎಲ್ಲಾ ಸೇರಿದ ಒಂದು ಬಣ್ಣ. ಫಿಲ್ಟರ್ ಮುಚ್ಚಿಕೊಂಡರೆ ಗಾಳಿಯ ಲೆಕ್ಕವೆಲ್ಲಾ ತಲೆಕೆಳಗು. ತೊಳೆಯುವುದು ನೆನಪಿರಲಿ ಅಂತ ಅದನ್ನು ಅಮಾವಾಸ್ಯೆಗೆ ಕಟ್ಟಿದ್ದೇನೆ. ಅವತ್ತು ಹೇಗೂ ಅಂಗಡಿ ತೊಳೆದು ಪೂಜೆ ಮಾಡುತ್ತೇವೆ. ಫಿಲ್ಟರಿಗೂ ಸ್ನಾನ. ಬೇಸಿಗೆಯಲ್ಲಿ ಹುಣ್ಣಿಮೆಗೂ ಒಂದು ಸಲ ಬೇಕಾಗುತ್ತದೆ.

ಫಲ ಏನಾಯಿತು? ಮೊದಲು ಹೊರಗೆ 36 ಡಿಗ್ರಿ ಇದ್ದಾಗ ಮಷಿನ್ ಮೂಲೆಯಲ್ಲಿ 47 ತೋರಿಸುತ್ತಿತ್ತು. ಈಗ ಅಂಥದೇ ದಿನ 41, ಕೆಲವೊಮ್ಮೆ 42. ಮಷಿನ್ ನಡುಮಧ್ಯಾಹ್ನ ನಿಂತಿಲ್ಲ. ಕಂಪ್ಯೂಟರ್ ಫ್ಯಾನುಗಳು ವಿಮಾನದ ಹಾಗೆ ಕೂಗುವುದು ಕಡಿಮೆಯಾಗಿದೆ. ಗಿರಾಕಿಗಳು ನಿಲ್ಲುವ ಮುಂದಿನ ಭಾಗ ಮಾತ್ರ ಇವತ್ತಿಗೂ ಬಿಸಿ. ಗಾಳಿಯ ದಾರಿ ಹಿಂದುಗಡೆಯೇ ಮುಗಿದುಹೋಗುತ್ತದೆ. ಅಲ್ಲಿಗೆ ಸೀಲಿಂಗ್ ಫ್ಯಾನೇ ಗತಿ. ಅದನ್ನೂ ನಿಧಾನಕ್ಕೆ ಬಿಡುತ್ತೇನೆ. ಜೋರಾಗಿ ಬಿಟ್ಟರೆ ಸೀಲಿಂಗಿನಲ್ಲಿ ನಿಂತ ಬಿಸಿಯನ್ನೇ ಎಳೆದು ತಲೆ ಮೇಲೆ ಸುರಿಯುತ್ತದೆ.

ಮೇ ತಿಂಗಳಲ್ಲಿ ಇನ್ನೊಂದು ಪಾಠವಾಯಿತು. ಹೊರಗೇ 41 ಡಿಗ್ರಿ ಇದ್ದರೆ ಒಳಗೆ ಎಳೆದುಕೊಳ್ಳುವುದೂ 41 ಡಿಗ್ರಿಯ ಗಾಳಿಯನ್ನೇ. ಎಷ್ಟೇ ಎಕ್ಸಾಸ್ಟ್ ಹಾಕಿದರೂ ರೂಮು ಹೊರಗಿನದಕ್ಕಿಂತ ತಂಪಾಗುವುದಿಲ್ಲ. ಹೊರಗಿನಷ್ಟರ ಹತ್ತಿರಕ್ಕೆ ತರಬಹುದು, ಅಷ್ಟೇ. ಹೀಗಾಗಿ ಬೆಳಿಗ್ಗೆ ಏಳಕ್ಕೇ ಬಂದು ಶಟರ್, ಕಿಂಡಿ, ಎಕ್ಸಾಸ್ಟ್ ಎಲ್ಲಾ ತೆರೆದು ರಾತ್ರಿಯ ಬಿಸಿಯನ್ನು ಗೋಡೆಯಿಂದ ಬಿಡಿಸುತ್ತೇನೆ. ನೂರಾರು ಪುಟದ ಕೆಲಸಗಳನ್ನು ಹನ್ನೊಂದರ ಒಳಗೆ ಮುಗಿಸುತ್ತೇನೆ. ಮಧ್ಯಾಹ್ನ ಸಣ್ಣಪುಟ್ಟ ಜೆರಾಕ್ಸ್ ಮಾತ್ರ.

ಕೂಲರ್ ಇಡಬಾರದಿತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಟ್ಟು ನೋಡಿದೆ. ನಮ್ಮದು ಒಣ ಸೆಕೆ, ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಕೂಲರ್ ಗಾಳಿಯ ತೇವವನ್ನು ಕಾಗದ ಕುಡಿಯುತ್ತದೆ. ಕುಡಿದ ಕಾಗದ ಅಂಚು ಮಡಚಿಕೊಳ್ಳುತ್ತದೆ, ಎರಡೆರಡು ಹಾಳೆ ಅಂಟಿಕೊಂಡು ಹೋಗುತ್ತದೆ, ಮಷಿನ್‌ನ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರು ದಿನದಲ್ಲಿ ಕೂಲರ್ ಮನೆಗೆ ಹೋಯಿತು. ಅತ್ತೆ ಖುಷಿಯಾದರು. ಎಸಿಯ ಲೆಕ್ಕ ಬೇರೆ. ಒಂದೂವರೆ ಟನ್ನಿನದು ಐದು ಕಿಲೋವ್ಯಾಟಿನಷ್ಟು ಬಿಸಿಯನ್ನು ಆಚೆ ಹಾಕಬಲ್ಲದು, ನನಗೆ ಬೇಕಾದಷ್ಟು. ಆದರೆ ನಿಮಿಷಕ್ಕೊಮ್ಮೆ ಬಾಗಿಲು ತೆರೆಯುವ ಅಂಗಡಿ ನನ್ನದು. ಗಾಜಿನ ಅಡ್ಡಗೋಡೆ ಹಾಕಿ ಮಷಿನ್‌ಗಳನ್ನು ಬೇರೆ ಮಾಡುವವರೆಗೆ ಎಸಿ ಅಂದರೆ ರಸ್ತೆಗೆ ತಂಪು ಕೊಟ್ಟ ಹಾಗೆ.

ಬ್ಯಾಟರಿಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಇದು ಬರೀ ಸೆಕೆಯ ವಿಷಯ ಅಲ್ಲ. ನನ್ನ ಇನ್ವರ್ಟರ್ ಬ್ಯಾಟರಿ ಜೆರಾಕ್ಸ್ ಮಷಿನ್‌ನ ಪಕ್ಕದಲ್ಲಿ, ಮರದ ಕಪಾಟಿನ ಒಳಗೆ, ಬಾಗಿಲು ಮುಚ್ಚಿಕೊಂಡು ಕೂತಿತ್ತು. ನೋಡಲು ಚೆಂದ ಅಂತ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಹಗುರ ಅನಿಲ, ಮೇಲಕ್ಕೇ ಏರುತ್ತದೆ. ಕಪಾಟಿನ ಮುಚ್ಚಿದ ನೆತ್ತಿಯಲ್ಲಿ ಸೇರಿಕೊಳ್ಳುತ್ತದೆ. ಅದರ ಕೆಳಗೇ ನಾನು ದಿನಾ ಊದಿನಕಡ್ಡಿ ಬೆಳಗುತ್ತಿದ್ದೆ! ಜೊತೆಗೆ ಬಿಸಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದೆ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಆಯಸ್ಸು ಸುಮಾರು ಅರ್ಧವಾಗುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಕಂಪನಿಯವರು ಮೋಸ ಮಾಡಿದರು ಅಂತ ನಾನು ಬೈದ ಬ್ಯಾಟರಿಗಳನ್ನೆಲ್ಲ ನಾನೇ ಬೇಯಿಸಿದ್ದೆ. ಈಗ ಅದು ಕಿಂಡಿಯ ಹತ್ತಿರ ತೆರೆದ ಸ್ಟ್ಯಾಂಡಿನ ಮೇಲೆ ಇದೆ. ಕಡ್ಡಿ ಲಕ್ಷ್ಮಿ ಫೋಟೋದ ಹತ್ತಿರ, ರೂಮಿನ ಆ ತುದಿಗೆ.

ನಮ್ಮ ಸಾಲಿನ ಮೇಲ್ಮಹಡಿಯಲ್ಲಿ ಭಾಯ್ ಒಬ್ಬರದು ಜೀನ್ಸ್ ಹೊಲಿಯುವ ಯೂನಿಟ್. ಬಳ್ಳಾರಿ ಜೀನ್ಸ್ ಅಂದರೆ ಜನ ದೊಡ್ಡ ಫ್ಯಾಕ್ಟರಿ ನೆನೆಯುತ್ತಾರೆ. ಹೊಲಿಗೆ ಜಾಸ್ತಿ ನಡೆಯುವುದು ಇಂಥ ಸಣ್ಣ ರೂಮುಗಳಲ್ಲಿ, ತಗಡಿನ ಕೆಳಗೆ. ನನ್ನ ಕಿಂಡಿ ನೋಡಿದ ಮೇಲೆ ಅವರು ಮೇಲೆ ಕರೆದರು. ಹನ್ನೆರಡು ಜೂಕಿ ಹೊಲಿಗೆ ಮಷಿನ್, ಎಲ್ಲಕ್ಕೂ ಹಳೆಯ ಕ್ಲಚ್ ಮೋಟರ್. ಹೊಲಿಯಲಿ ಬಿಡಲಿ, ಸ್ವಿಚ್ ಹಾಕಿದ ಮೇಲೆ ಅದು ತಿರುಗುತ್ತಲೇ ಇರುತ್ತದೆ. ದಾರ ಪೋಣಿಸುವಾಗಲೂ, ಮಾತಾಡುವಾಗಲೂ ಬಿಸಿ ಬಿಡುತ್ತದೆ. ಸರ್ವೋ ಮೋಟರ್ ಹಾಗಲ್ಲ, ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಮೂಲೆಯಲ್ಲಿ ಸ್ಟೀಮ್ ಇಸ್ತ್ರಿ. ಬರೀ ಬಿಸಿಯಲ್ಲ, ಹಬೆ ಬೇರೆ. ಹಬೆ ತುಂಬಿದ ರೂಮಿನಲ್ಲಿ ಬೆವರು ಆರುವುದಿಲ್ಲ. ಮೇಲೆ ತಗಡು. ನೆತ್ತಿಯ ಸೂರ್ಯ ಒಂದು ಚದರ ಮೀಟರಿಗೆ ಸಾವಿರ ವ್ಯಾಟಿನಷ್ಟು ಸುರಿಯುತ್ತಾನೆ. ಹತ್ತಡಿಗೆ ಹತ್ತಡಿ ತಗಡಿನ ಮೇಲೆ ಬೀಳುವುದೇ ಒಂಬತ್ತು ಕಿಲೋವ್ಯಾಟ್. ಅಲ್ಲಿ ನನ್ನ ಲೆಕ್ಕ ಸೋತಿತು. ಎಕ್ಸಾಸ್ಟ್ ಆಮೇಲೆ, ಮೊದಲು ತಗಡಿಗೆ ಬಿಳಿ ಬಣ್ಣ ಬಳಿಸಿ, ಇಸ್ತ್ರಿಯ ನೆತ್ತಿಗೆ ಒಂದು ಫ್ಯಾನು ಹಾಕಿ ಹಬೆಯನ್ನು ಹುಟ್ಟಿದಲ್ಲೇ ಹಿಡಿಯಿರಿ ಅಂದೆ. ಬಣ್ಣ ಬಳಿಸಿದರು. ನಾಲ್ಕು ಮಷಿನ್‌ಗೆ ಸರ್ವೋ ಮೋಟರ್ ಬಂದಿದೆ. ಉಳಿದ ಎಂಟು ಆರ್ಡರ್ ನೋಡಿಕೊಂಡು ಮಾಡುತ್ತಾರಂತೆ.

ಇನ್ನೊಂದು ಕೆಲಸ ಬಾಕಿ ಇದೆ. ಬಾಗಿಲಿನ ಮೇಲಿನ ಹಳೆಯ ಎಕ್ಸಾಸ್ಟ್ ಬಿಚ್ಚಿಸಿದೆ, ತೂತು ಹಾಗೇ ಉಳಿದಿದೆ. ಹೊಸ ಫ್ಯಾನು ಹಚ್ಚಿದರೆ ರಸ್ತೆಯ ಬಿಸಿ ಗಾಳಿ ಅಲ್ಲಿಂದಲೂ ನುಗ್ಗುತ್ತದೆ, ಅಷ್ಟು ಗಾಳಿ ಕಿಂಡಿಯಿಂದ ಬರುವುದು ತಪ್ಪುತ್ತದೆ. ಪ್ಲೈವುಡ್ ಕತ್ತರಿಸಿ ತಂದಿಟ್ಟು ಆಯಿತು. ಹತ್ತಿ ನೋಡಿದರೆ ಗುಬ್ಬಿ ಹುಲ್ಲು ಹಾಸಿ ನಾಲ್ಕು ಮೊಟ್ಟೆ ಇಟ್ಟಿದೆ. ಮರಿ ಹೊರಬರಲು ಎರಡು ವಾರ, ಹಾರಲು ಇನ್ನೆರಡು ವಾರ. ಪ್ಲೈವುಡ್ ಗಲ್ಲಾದ ಹಿಂದೆ ಒರಗಿಸಿದ್ದೇನೆ. ಅಲ್ಲಿಯವರೆಗೆ ಒಂದು ಡಿಗ್ರಿ ಜಾಸ್ತಿ ಇರುತ್ತದೆ.